ಬಿದ್ದ ಮಳೆ ಬಾವಿಗೆ ಬರಲಿಲ್ಲ, ಹಾಗಾದರೆ ಹೋಯಿತೆಲ್ಲಿಗೆ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕು. ನಾಲ್ಕು ಎಕರೆ ಕೆಂಪು ಭೂಮಿ ಇದೆ. ಮೂರು ಎಕರೆ ರಾಗಿ, ಒಂದು ಎಕರೆ ಟೊಮೆಟೊ. ಹೋದ ವರ್ಷ ನಮ್ಮ ಪಂಚಾಯಿತಿಯ ಮಳೆ ಮಾಪಕದಲ್ಲಿ 850 ಮಿ.ಮೀ. ಮಳೆ ದಾಖಲಾಗಿದೆಯಂತೆ. ಕೆರೆಗೂ ನೀರು ಬಂತು. ಆದರೆ ನಮ್ಮ ತಾತ ತೋಡಿಸಿದ 45 ಅಡಿಯ ಬಾವಿಗೆ ದೀಪಾವಳಿ ಸುಮಾರಿಗೆ ಮೂರಡಿ ನೀರು ಬಂದಿದ್ದು ಸಂಕ್ರಾಂತಿ ಹೊತ್ತಿಗೆ ಇಲ್ಲ. ಬೋರ್ 1,150 ಅಡಿ ಇದೆ, ಒಂದು ಗಂಟೆ ಓಡಿದರೆ ಗಾಳಿ ಕಕ್ಕುತ್ತದೆ. ಕಾಲೇಜಿಗೆ ಹೋಗುವ ಮಗ ‘ಮಳೆ ನೀರೆಲ್ಲ ಆವಿಯಾಗಿ ಹೋಗುತ್ತಪ್ಪ’ ಅನ್ನುತ್ತಾನೆ. ನನಗೆ ಪಕ್ಕದ ಜಮೀನಿನ ನೀಲಗಿರಿ ಮೇಲೆ ಅನುಮಾನ. ಅಷ್ಟೊಂದು ನೀರು ಆವಿಯಾಗುವುದು ನಿಜವೇ? ನಿಜವಾದರೆ ಅದು ತಿರುಗಿ ನಮಗೇ ಮಳೆಯಾಗಿ ಬೀಳಬೇಕಲ್ಲವೇ? ಬೋರನ್ನು ಇನ್ನಷ್ಟು ಇಳಿಸಬೇಕೇ?

ಉತ್ತರ: ನಿಮ್ಮ ಮಗನ ಮಾತು ಮುಕ್ಕಾಲು ಪಾಲು ಸರಿ. ಮಾತಿಗೆ ಹೇಳುತ್ತಿಲ್ಲ, ಲೆಕ್ಕವೇ ಹಾಗಿದೆ. ನಿಮ್ಮ ಸೀಮೆಯಲ್ಲಿ ಬೀಳುವ ಮಳೆಯ ಮುಕ್ಕಾಲಿಗೂ ಹೆಚ್ಚು ಪಾಲು ಬಂದ ದಾರಿಯಲ್ಲೇ ಮೇಲಕ್ಕೆ ವಾಪಸಾಗುತ್ತದೆ. ಕೆರೆಗೆ ಹರಿಯುವುದು, ನೆಲದಾಳಕ್ಕೆ ಇಳಿದು ಅಂತರ್ಜಲ ಸೇರುವುದು ಎರಡೂ ಉಳಿದ ಕಾಲು ಪಾಲಿನೊಳಗೇ ಆಗಬೇಕು. ನೀಲಗಿರಿಯ ಮೇಲಿನ ನಿಮ್ಮ ಅನುಮಾನವೂ ಸುಳ್ಳಲ್ಲ, ಆದರೆ ಅದು ಕಳ್ಳತನ ಮಾಡುವ ರೀತಿ ನೀವು ಅಂದುಕೊಂಡಂತೆ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮಿಲಿಮೀಟರ್ ಅಂದರೆ ಯಾರ ಕಣ್ಣಿಗೂ ಕಟ್ಟುವುದಿಲ್ಲ. ಟ್ಯಾಂಕರ್ ಲೆಕ್ಕದಲ್ಲಿ ಮಾತಾಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು 4,000 ಲೀಟರ್. ಊರಲ್ಲಿ ಓಡಾಡುವ ಟ್ರ್ಯಾಕ್ಟರ್ ಟ್ಯಾಂಕರೊಂದರಲ್ಲಿ ಹೆಚ್ಚುಕಡಿಮೆ ಅಷ್ಟು ಹಿಡಿಯುತ್ತದೆ. ಹಾಗಾಗಿ ಎಕರೆಗೆ ಒಂದು ಮಿ.ಮೀ. ಅಂದರೆ ಒಂದು ಟ್ಯಾಂಕರ್. ಹೋದ ವರ್ಷ ಆಕಾಶ ನಿಮ್ಮ ಒಂದೊಂದು ಎಕರೆಗೂ 850 ಟ್ಯಾಂಕರ್ ನೀರು ಸುರಿದಿದೆ. ಇದು ಜಮೆ.

ಖರ್ಚು ನೋಡಿ. ಹವಾಮಾನ ಕೇಂದ್ರಗಳಲ್ಲಿ ಆವಿಯಾಗುವ ನೀರನ್ನು ಅಳೆಯಲು ನಾಲ್ಕಡಿ ಅಗಲದ, ಸುಮಾರು ಹತ್ತಿಂಚು ಆಳದ ದುಂಡನೆ ಲೋಹದ ತೊಟ್ಟಿ ಇಟ್ಟಿರುತ್ತಾರೆ. ದಿನವೂ ಬೆಳಿಗ್ಗೆ ನೀರಿನ ಮಟ್ಟ ಎಷ್ಟು ಇಳಿದಿದೆ ಎಂದು ನೋಡುತ್ತಾರೆ. ನಮ್ಮ ದೇಶದಲ್ಲಿ ಅದರ ಮೇಲೆ ತಂತಿ ಜಾಲರಿ ಕಡ್ಡಾಯ. ಯಾಕೆಂದು ನನಗೆ ಕೆಲಸಕ್ಕೆ ಸೇರಿದ ಹೊಸದರಲ್ಲೇ ತಿಳಿಯಿತು. ಒಂದು ತೊಟ್ಟಿಯ ಜಾಲರಿ ಕಿತ್ತುಹೋಗಿತ್ತು, ಆ ವಾರ ದಿನಕ್ಕೆ 14 ಮಿ.ಮೀ. ಆವಿಯಾಗಿದೆ ಎಂದು ನಾನು ಭಕ್ತಿಯಿಂದ ಬರೆದುಕೊಂಡು ಬಂದೆ. ನಮ್ಮ ಹಿರಿಯರು ಪುಸ್ತಕ ನೋಡಿ ‘ಇದು ಬಿಸಿಲಲ್ಲ ಕಣಯ್ಯ, ಮೇಕೆ’ ಅಂದರು. ಮೇಕೆಗಳ ಪಾಲು ಕಳೆದರೆ ನಿಮ್ಮ ಕಡೆಯ ಇಂಥ ತೊಟ್ಟಿಯಿಂದ ವರ್ಷಕ್ಕೆ 1,500 ಮಿ.ಮೀ.ಗೆ ಕಡಿಮೆಯಿಲ್ಲದಂತೆ ನೀರು ಆವಿಯಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು, ಮೋಡ ಮುಚ್ಚಿದ ಮಳೆಗಾಲದ ದಿನಗಳಲ್ಲಿ ಮೂರು ನಾಲ್ಕು. ಅಂದರೆ ನಿಮ್ಮ ಊರಿನ ಆಕಾಶ ವರ್ಷಕ್ಕೆ ಎಕರೆಗೆ 850 ಟ್ಯಾಂಕರ್ ಕೊಟ್ಟು, 1,500 ಟ್ಯಾಂಕರ್ ವಾಪಸ್ ಕೇಳುತ್ತದೆ. ಅಷ್ಟು ಕೊಡಲು ನೆಲದಲ್ಲಿ ನೀರೇ ಇರುವುದಿಲ್ಲ. ಅದಕ್ಕೇ ವರ್ಷದ ಬಹುಪಾಲು ನೆಲ ಒಣಗಿರುತ್ತದೆ.

‘ಅಷ್ಟೊಂದು ಸಾಧ್ಯವೇ’ ಎಂದು ನೀವು ಕೇಳಿದ್ದು ನ್ಯಾಯವಾಗಿದೆ, ಏಕೆಂದರೆ ಆವಿ ಮಾಡುವುದು ಸುಲಭದ ಕೆಲಸವಲ್ಲ. ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದ ಶಾಖದ ಏಳೆಂಟು ಪಟ್ಟು ಶಾಖ ಅಷ್ಟೇ ನೀರನ್ನು ಪೂರ್ತಿ ಆವಿ ಮಾಡಲು ಬೇಕು. ಅದನ್ನು ಸೂರ್ಯನೇ ಕೊಡುತ್ತಾನೆ. ನೆಲ ಒದ್ದೆಯಾಗಿರುವ ದಿನ ಬೀಳುವ ಬಿಸಿಲಿನ ಅರ್ಧಕ್ಕೂ ಹೆಚ್ಚು ಭಾಗ ನೆಲವನ್ನು ಕಾಯಿಸುವ ಬದಲು ನೀರನ್ನು ಮೇಲೆತ್ತುವುದಕ್ಕೇ ಖರ್ಚಾಗುತ್ತದೆ. ಮಡಿಕೆಯ ನೀರು ತಣ್ಣಗಿರುವುದೂ ಹೀಗೇ, ಮಳೆಯ ಮರುದಿನ ಬಿಸಿಲಿದ್ದರೂ ಹೊಲ ತಂಪಾಗಿರುವುದೂ ಹೀಗೇ.

ಈ ನೀರು ಎರಡು ಬಾಗಿಲಿನಿಂದ ಹೊರಡುತ್ತದೆ. ಒಂದು, ಮಣ್ಣಿನ ಮೈಯಿಂದ ನೇರವಾಗಿ. ಇನ್ನೊಂದು, ಬೇರು ಹೀರಿ ಎಲೆಯ ಸಣ್ಣ ರಂಧ್ರಗಳಿಂದ ಬಿಡುವುದು. ಎರಡನೆಯದನ್ನು ನೋಡಬೇಕಾದರೆ ಬೆಳಿಗ್ಗೆ ಎಂಟಕ್ಕೆ ಹೊಂಗೆಯದೋ ಬೇವಿನದೋ ಎಲೆ ತುಂಬಿದ ಒಂದು ಕೊಂಬೆಗೆ ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಕವರ್ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಹನ್ನೊಂದಕ್ಕೆ ಒಳಗೆ ಹಬೆ ಕಟ್ಟಿರುತ್ತದೆ, ಸಂಜೆಗೆ ಕವರಿನ ಮೂಲೆಯಲ್ಲಿ ನೀರು ನಿಂತಿರುತ್ತದೆ. ಒಂದು ಕೊಂಬೆಯದು ಇಷ್ಟಾದರೆ ಮರಕ್ಕೆಷ್ಟು, ತೋಪಿಗೆಷ್ಟು ಎಂದು ಮಗನೇ ಲೆಕ್ಕ ಹಾಕುತ್ತಾನೆ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ‘ಮಳೆ ನೀರು ಇಂಗುತ್ತದೆ’ ಎಂಬ ಮಾತನ್ನು ನಾವೆಲ್ಲ ಸಲೀಸಾಗಿ ಆಡುತ್ತೇವೆ. ಆದರೆ ಇಂಗಿದ ನೀರೆಲ್ಲ ಅಂತರ್ಜಲವಾಗುವುದಿಲ್ಲ, ಹೆಚ್ಚಿನದು ಮಣ್ಣಿನಲ್ಲೇ ನಿಲ್ಲುತ್ತದೆ. ಮಣ್ಣು ಜರಡಿಯಲ್ಲ, ಬಟ್ಟೆಯಿದ್ದ ಹಾಗೆ. ಒಣ ಟವೆಲಿನ ಮೇಲೆ ಒಂದು ಲೋಟ ನೀರು ಸುರಿದರೆ ಕೆಳಗೆ ಹನಿಯೂ ತೊಟ್ಟಿಕ್ಕುವುದಿಲ್ಲ. ಅದು ಪೂರ್ತಿ ನೆನೆದ ಮೇಲೆ ಸುರಿದ ನೀರು ಮಾತ್ರ ಕೆಳಗೆ ಸೋರುತ್ತದೆ. ನಿಮ್ಮಂಥ ಕೆಂಪು ಗೋಡು ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 100 ಮಿ.ಮೀ. ನೀರನ್ನು ಗಿಡದ ಕೈಗೆ ಸಿಗುವ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆ ಕಳೆಯುವಷ್ಟರಲ್ಲಿ ಈ 100 ಪೂರ್ತಿ ಖಾಲಿ. ಇದನ್ನು ನಾನು ಮಣ್ಣಿನ ಸಾಲ ಎನ್ನುತ್ತೇನೆ. ಸಾಲ ತೀರುವ ತನಕ ಕೆಳಗಿನ ಕಲ್ಲಿಗೆ ಒಂದು ಹನಿಯೂ ಸಿಗದು.

ಇದನ್ನು ಕಣ್ಣಾರೆ ನೋಡಲು ಯಾವ ಉಪಕರಣವೂ ಬೇಡ. ಮುಂಗಾರಿನ ಮೊದಲ ದೊಡ್ಡ ಮಳೆ, ಒಂದು 25–30 ಮಿ.ಮೀ. ಬಿದ್ದ ಎರಡನೇ ದಿನ ಹಾರೆ ತೆಗೆದುಕೊಂಡು ಹೊಲಕ್ಕೆ ಹೋಗಿ. ಹಾರೆಯನ್ನು ಬರೀ ಕೈಭಾರದಿಂದ ನೆಲಕ್ಕೆ ಒತ್ತಿ. ಒಂದು ಗೇಣು, ಹೆಚ್ಚೆಂದರೆ ಗೇಣಿನ ಮೇಲೆ ಎರಡು ಬೆರಳು ಸರಾಗ ಇಳಿಯುತ್ತದೆ. ಆಮೇಲೆ ಗೋಡೆಗೆ ಬಡಿದ ಹಾಗೆ ನಿಲ್ಲುತ್ತದೆ. ಅಲ್ಲೇ ಗುಂಡಿ ತೆಗೆದು ನೋಡಿದರೆ ಮೇಲೆ ಕಡುಗೆಂಪು, ಕೆಳಗೆ ಮಾಸಲು ಕೆಂಪು, ನಡುವೆ ಗೆರೆ ಎಳೆದಂತೆ ಅಂಚು. ಒದ್ದೆ ಅಲ್ಲಿಗೆ ಮುಗಿಯಿತು. ನಿಮ್ಮ ಮಣ್ಣಿನಲ್ಲಿ ದೊಡ್ಡ ಲೆಕ್ಕಕ್ಕೆ ಹತ್ತು ಮಿ.ಮೀ. ಮಳೆ ಹತ್ತು ಸೆಂ.ಮೀ. ಆಳ ನೆನೆಸುತ್ತದೆ. ಹಿರಿಯರು ಹದ ನೋಡಿ ಬಿತ್ತುತ್ತಿದ್ದದ್ದು ಈ ಅಂಚನ್ನೇ ನಂಬಿ.

ಆ ಗೇಣು ನೀರಿಗೆ ಮುಂದೇನಾಗುತ್ತದೆ? ಮೊದಲ ಎರಡು ಮೂರು ದಿನ ಬರಿ ಮಣ್ಣು ತೊಟ್ಟಿಯಷ್ಟೇ ಜೋರಾಗಿ ಆವಿ ಬಿಡುತ್ತದೆ. ಮೇಲಿನ ಒಂದೆರಡು ಬೆರಳು ಒಣಗಿ ಹೊಪ್ಪಳೆಯಾದ ಮೇಲೆ ವೇಗ ಕುಗ್ಗುತ್ತದೆ, ಏಕೆಂದರೆ ಒಣ ಪದರವೇ ಕೆಳಗಿನ ತೇವಕ್ಕೆ ಮುಚ್ಚಳ. ರಾಗಿ ಹೊಲದಲ್ಲಿ ಎಡೆಕುಂಟೆ ಹಾಯಿಸಿ ಮೇಲ್ಮಣ್ಣು ಸಡಿಲಿಸಿದರೆ ಕಳೆ ಸಾಯುವುದರ ಜತೆಗೆ ಈ ಮುಚ್ಚಳವೂ ಬೇಗ ಕೂರುತ್ತದೆ. ಐದು ಮಿ.ಮೀ., ಎಂಟು ಮಿ.ಮೀ. ಮಳೆಗಳಂತೂ ಈ ಆಟದಲ್ಲಿ ಇಲ್ಲವೇ ಇಲ್ಲ. ಎಲೆ ನೆನೆಯಿತು, ಧೂಳು ಅಡಗಿತು, ಮಣ್ಣಿನ ವಾಸನೆ ಬಂತು, ಮೂರನೇ ದಿನ ವಾಪಸ್ ಮೇಲಕ್ಕೆ. ಪಂಚಾಯಿತಿಯ ಮಾಪಕ ಮಾತ್ರ ಅವನ್ನೂ ಕೂಡಿಸಿ ‘850’ ಎನ್ನುತ್ತದೆ.

ಈಗ ವರ್ಷವನ್ನು ಎರಡು ಭಾಗ ಮಾಡಿ ನೋಡಿ. ಜೂನ್, ಜುಲೈ, ಆಗಸ್ಟ್ ಸೇರಿ ನಿಮ್ಮಲ್ಲಿ 300 ಮಿ.ಮೀ. ಬಿತ್ತು ಅಂದುಕೊಳ್ಳಿ. 92 ದಿನಕ್ಕೆ ಹಂಚಿದರೆ ದಿನಕ್ಕೆ ಮೂರು ಚಿಲ್ಲರೆ. ಆಕಾಶ ಆ ದಿನಗಳಲ್ಲಿ ಕೇಳುವುದು ನಾಲ್ಕೈದು. ಹೊಲ ಹಸಿರಾಗುತ್ತದೆ, ಪೈರು ಬರುತ್ತದೆ, ಆದರೆ ಸಾಲ ತೀರುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ 350 ಬಿತ್ತು ಅಂದುಕೊಂಡರೆ ದಿನಕ್ಕೆ ಆರರ ಹತ್ತಿರ. ಮೋಡದ ದಿನಗಳು, ಆಕಾಶದ ಬೇಡಿಕೆಯೂ ಕಡಿಮೆ. ಸಾಲ ತೀರಿ ಕೆಳಕ್ಕೆ ಇಳಿಯುವುದು ಆಗ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಅದೂ ಒಂದರ ಹಿಂದೊಂದು ಬಿದ್ದಾಗ. ಒಂದು ರಾತ್ರಿ 60 ಮಿ.ಮೀ. ಹೊಡೆದು ಹದಿನೈದು ದಿನ ಬಿಡುವು ಕೊಟ್ಟರೆ ಅದರಲ್ಲಿ ಒಂದು ಪಾಲು ಕೆರೆಗೆ ಓಡುತ್ತದೆ, ಮಿಕ್ಕಿದ್ದು ಸಾಲದ ಬಾಯಿಗೆ. ಇಡೀ ವರ್ಷದಲ್ಲಿ ನೀರು ನಿಜವಾಗಿ ಆಳಕ್ಕೆ ಇಳಿಯುವ ದಿನಗಳು ಎಷ್ಟೋ ಸಲ ಕೈಬೆರಳಲ್ಲಿ ಎಣಿಸುವಷ್ಟು. 2021ರ ನವೆಂಬರಿನಲ್ಲಿ ನಿಮ್ಮ ಜಿಲ್ಲೆಯಲ್ಲಿ ಕೆರೆ ಕೋಡಿ ಹರಿದದ್ದು ನೆನಪಿರಬೇಕಲ್ಲ? ಆಗ ಮಣ್ಣು ಮೊದಲೇ ತುಂಬಿತ್ತು, ಬಿಸಿಲು ಮಂದವಾಗಿತ್ತು, ಬಿದ್ದದ್ದಕ್ಕೆ ಕೆರೆಗೋ ನೆಲದಾಳಕ್ಕೋ ಹೋಗದೆ ಬೇರೆ ದಾರಿ ಇರಲಿಲ್ಲ. ಅಂಥ ಒಂದು ತಿಂಗಳು ಮೂರು ಸಾಧಾರಣ ವರ್ಷಗಳಿಗೆ ಸಮ. ಹಾಗಾಗಿ ಯಾರಾದರೂ ‘ಈ ವರ್ಷ ಒಳ್ಳೆ ಮಳೆ’ ಎಂದರೆ ನಾನು ಕೇಳುವುದು ಎಷ್ಟು ಎಂದಲ್ಲ, ಯಾವಾಗ, ಎಷ್ಟು ದಿನ ಬಿಡದೆ ಎಂದು.

ಇಷ್ಟಾಗಿ ಉಳಿಯುವುದೆಷ್ಟು? ಅಂತರ್ಜಲ ಅಂದಾಜಿಗೆ ಕೇಂದ್ರ ಸರ್ಕಾರದ ಸಮಿತಿ 1997ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ನಿಮ್ಮಂಥ ಗ್ರಾನೈಟ್–ನೈಸ್ ಕಲ್ಲಿನ ಸೀಮೆಯಲ್ಲಿ ಕಲ್ಲಿನ ಮೇಲ್ಪದರ ಕೊಳೆತು ಗೊರಚಾಗಿದ್ದು ಜೇಡಿ ಕಡಿಮೆ ಇದ್ದರೆ ಮಳೆಯ 11%, ಜೇಡಿ ಹೆಚ್ಚಿದ್ದರೆ 8%, ಬಿರುಕಿಲ್ಲದ ಗಟ್ಟಿ ಬಂಡೆಯಾದರೆ 1% ಅಂತರ್ಜಲಕ್ಕೆ ಸೇರುತ್ತದೆ. ಗಂಗಾ ಬಯಲಿನ ಮೆಕ್ಕಲು ಮಣ್ಣಿಗೆ ಇದೇ ಸೂತ್ರ 22% ಕೊಡುತ್ತದೆ. ಉತ್ತರದವರ ಅನುಭವ ನಮ್ಮಲ್ಲಿ ನಡೆಯದಿರುವುದಕ್ಕೆ ಇದೂ ಒಂದು ಕಾರಣ. ನಿಮ್ಮ 850ರಲ್ಲಿ ಹೀಗೆ 70ರಿಂದ 95. ಒಂದು 75 ಎಂದು ಹಿಡಿಯೋಣ. ಎಕರೆಗೆ 75 ಟ್ಯಾಂಕರ್.

ನಿಮ್ಮ ಬಾವಿಯ ಕಥೆ ಇಲ್ಲಿಂದ ಶುರು. ಕೊಳೆತ ಕಲ್ಲಿನ ಪದರದಲ್ಲಿ ನೀರು ನಿಲ್ಲುವ, ಹರಿದು ಹೊರಬರುವ ಖಾಲಿ ಜಾಗ ಬಹಳ ಕಡಿಮೆ, ನೂರು ಪಾಲಿನಲ್ಲಿ ಎರಡೋ ಮೂರೋ. ಜಾಗ ಕಡಿಮೆ ಇರುವುದರಿಂದ ಸ್ವಲ್ಪ ನೀರು ಬಂದರೂ ಮಟ್ಟ ಜೋರಾಗಿ ಏರುತ್ತದೆ. 75 ಮಿ.ಮೀ. ನೀರು, ಜಾಗ 3%: ನೀರಿನ ಮಟ್ಟ ಎರಡೂವರೆ ಮೀಟರ್, ಅಂದರೆ ಎಂಟಡಿ ಏರಬೇಕು. ಜಾಗ 2% ಇದ್ದರೆ ಹನ್ನೆರಡು ಅಡಿ. ಇದೇನು ಕಡಿಮೆ ಅಲ್ಲ. ನಿಮ್ಮ ತಾತನ ಕಾಲದಲ್ಲಿ ನೀರು ಇಪ್ಪತ್ತು ಮೂವತ್ತು ಅಡಿಯಲ್ಲಿದ್ದಾಗ ಇದೇ ಹನ್ನೆರಡು ಅಡಿ ಬಾವಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಈಗ ಸುತ್ತಲಿನ ಬೋರುಗಳಿಂದ ಆ ಪದರದ ನೀರು 90 ಅಡಿಗೆ ಇಳಿದಿದೆ ಎಂದಿಟ್ಟುಕೊಳ್ಳಿ. ಹನ್ನೆರಡು ಅಡಿ ಏರಿದರೂ 78 ಅಡಿಯಲ್ಲಿ ನಿಂತಿತು. ನಿಮ್ಮ ಬಾವಿಯ ತಳವೇ 45. ಮಳೆ ಬಂದಿದೆ, ಅಂತರ್ಜಲ ಏರಿದೆ, ಬಾವಿಗೆ ಸುದ್ದಿಯೇ ಮುಟ್ಟಿಲ್ಲ. ದೀಪಾವಳಿಗೆ ಬಂದ ಮೂರಡಿ ನೀರು ಅಂತರ್ಜಲವಲ್ಲ. ಮೇಲಿನ ಗೊರಚಿನಲ್ಲಿ ಅಡ್ಡಲಾಗಿ ಹರಿದು ಬಾವಿಯ ಗೋಡೆಯಿಂದ ಒಸರಿದ ನೀರು. ಮಣ್ಣು ಒಣಗತೊಡಗಿದ ಕೂಡಲೇ ಒಸರು ನಿಂತಿತು, ಇದ್ದದ್ದು ತಳದಲ್ಲಿ ಇಂಗಿಹೋಯಿತು.

ಇನ್ನೊಂದು ತೊಡಕು, ಸಮಯ. ಮಣ್ಣಿನ ಒಡಲಿನಲ್ಲಿ ನೀರು ಇಳಿಯುವುದು ನ್ಯಾಯಬೆಲೆ ಅಂಗಡಿಯ ಸಾಲಿನ ಹಾಗೆ. ಹಿಂದೆ ಹೊಸಬ ಸೇರಿದಾಗ ಮುಂದಿನವನು ಅಂಗಡಿಯೊಳಗೆ ಹೋಗುತ್ತಾನೆ, ಸೇರಿದವನೇ ಹೋಗುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ದೇಶದ ಹಲವು ಕಡೆ ಇದನ್ನು ಅಳೆದಿದ್ದಾರೆ. ಮಳೆಗಾಲಕ್ಕೆ ಮುಂಚೆ ಟ್ರಿಟಿಯಂ (ಜಲಜನಕದ ವಿಕಿರಣಶೀಲ ರೂಪ) ಬೆರೆಸಿ ಗುರುತು ಮಾಡಿದ ನೀರನ್ನು ಮಣ್ಣಿನೊಳಗೆ ಸೇರಿಸಿ, ಮಳೆಗಾಲ ಮುಗಿದ ಮೇಲೆ ಮಣ್ಣು ತೆಗೆದು ಗುರುತು ಎಷ್ಟು ಕೆಳಗೆ ಸರಿದಿದೆ ಎಂದು ನೋಡುವ ವಿಧಾನ. ವರ್ಷಕ್ಕೆ 60 ಮಿ.ಮೀ. ಇಳಿಯುವ ಕಡೆ, ಮಣ್ಣಿನಲ್ಲಿ 12% ನೀರಿದ್ದರೆ, ಗುರುತು ಸರಿಯುವುದು ವರ್ಷಕ್ಕೆ ಅರ್ಧ ಮೀಟರ್. ಮೂವತ್ತು ಅಡಿ ಇಳಿಯಲು ಹದಿನೆಂಟು ವರ್ಷ! ಬಿರುಕು, ಹಳೆ ಬೇರಿನ ಸಂದು, ಗೆದ್ದಲು ದಾರಿ ಸಿಕ್ಕರೆ ಒಂದಷ್ಟು ನೀರು ದಿನಗಳಲ್ಲೇ ಇಳಿಯುವುದುಂಟು. ಎರಡೂ ನಡೆಯುತ್ತವೆ, ಯಾವುದು ಎಷ್ಟು ಎಂಬುದು ಹೊಲದಿಂದ ಹೊಲಕ್ಕೆ ಬೇರೆ.

ನೀಲಗಿರಿಗೆ ಬರೋಣ. ನಿಮ್ಮ ಪಕ್ಕದ ಹೊಸಕೋಟೆ ಸೀಮೆಯಲ್ಲೇ 1990ರ ಸುಮಾರಿಗೆ ಬ್ರಿಟಿಷ್ ಮತ್ತು ಕರ್ನಾಟಕದ ಸಂಶೋಧಕರು ಇದನ್ನು ಅಳೆದರು. ಮೂರು ಒಣ ವರ್ಷಗಳಲ್ಲಿ ಬಿದ್ದ ಮಳೆ 2,100 ಮಿ.ಮೀ., ನೀಲಗಿರಿ ತೋಪು ಬಳಸಿದ್ದು 3,400. ಬಿದ್ದದ್ದಕ್ಕಿಂತ ಹೆಚ್ಚು ಹೇಗೆ? ಅಲ್ಲಿ ಮಣ್ಣು ಎಂಟು ಮೀಟರಿಗೂ ಆಳ. ಬೇರು ವರ್ಷವರ್ಷ ಕೆಳಗಿಳಿದು, ಹಳೆ ವರ್ಷಗಳಿಂದ ಮಣ್ಣಿನಲ್ಲಿ ಕೂತಿದ್ದ ತೇವವನ್ನೂ ಹೀರಿಕೊಂಡಿತು. ಆದರೆ ಮಣ್ಣು ಮೂರು ಮೀಟರ್ ಮಾತ್ರ ಇದ್ದ ಬೇರೆ ಜಾಗಗಳಲ್ಲಿ ಅದು ಊರಿನ ಕುರುಚಲು ಕಾಡಿನಷ್ಟೇ, ಅಂದರೆ ಹೆಚ್ಚುಕಡಿಮೆ ಬಿದ್ದ ಮಳೆಯಷ್ಟೇ ಬಳಸಿತು. ಅದೂ ರಾಗಿಯ ಎರಡು ಪಟ್ಟು. ಅಲ್ಲಿ ಬೇರು ನೇರವಾಗಿ ಅಂತರ್ಜಲಕ್ಕೆ ಬಾಯಿ ಹಾಕಿದ್ದಕ್ಕೆ ಸಾಕ್ಷಿ ಸಿಗಲಿಲ್ಲ.

ಇದು ಮುಖ್ಯ. ನೀಲಗಿರಿ ನಿಮ್ಮ ಬೋರಿನ ನೀರನ್ನು ಕದಿಯುತ್ತಿಲ್ಲ, ಮಣ್ಣಿನ ಸಾಲವನ್ನು ಆಳ ಮಾಡುತ್ತಿದೆ. ರಾಗಿ ಹೊಲದ ಸಾಲ 100 ಮಿ.ಮೀ. ಆದರೆ ಅಂಥ ತೋಪಿನದು ಸಾವಿರ ದಾಟುತ್ತದೆ. 3,400ರಲ್ಲಿ 2,100 ಕಳೆದು ನೋಡಿ. ಆ ತೋಪು ಕಡಿದರೂ ಮರುವರ್ಷವೇ ಬಾವಿ ತುಂಬುವುದಿಲ್ಲ, ಎಷ್ಟೋ ಹಿಂಗಾರು ಸಾಲ ತೀರಿಸುವುದರಲ್ಲೇ ಕಳೆಯುತ್ತವೆ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದಾಗ ಕೆಲವರು ಎರಡೇ ವರ್ಷದಲ್ಲಿ ಫಲ ಕೇಳಿದರು. ಮಣ್ಣಿಗೆ ಸುತ್ತೋಲೆ ತಲುಪುವುದು ನಿಧಾನ.

ಹಾಗೆಂದು ಮರವೇ ಶತ್ರು ಎಂದುಕೊಳ್ಳಬೇಡಿ. ಬಂಡೀಪುರದ ಮೂಲೆಹೊಳೆ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ನಾಲ್ಕು ಚದರ ಕಿ.ಮೀ.ನ ಒಂದು ಜಲಾನಯನವನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಆ ಅಳತೆಯ ಮೇಲೆ 32 ವರ್ಷಗಳ ಲೆಕ್ಕ ಕಟ್ಟಿದಾಗ ಸಿಕ್ಕ ಸರಾಸರಿ ಹೀಗಿದೆ: ಮಳೆ ಸುಮಾರು 1,090 ಮಿ.ಮೀ.; ಮರಗಿಡ–ಮಣ್ಣಿನಿಂದ ಆವಿಯಾಗಿ ಹೋದದ್ದು ಸುಮಾರು 900, ಅದರಲ್ಲಿ 100ರಷ್ಟನ್ನು ಬೇರುಗಳು ಆಳದ ಕೊಳೆತ ಕಲ್ಲಿನಿಂದ ಎಳೆದದ್ದು; ಹಳ್ಳದಲ್ಲಿ ಹರಿದದ್ದು 100; ನೆಲದಡಿ ಸರಿದು ಹೋದದ್ದು 80. ಬೋರಿಲ್ಲ, ಟೊಮೆಟೊ ಇಲ್ಲ, ನೀಲಗಿರಿ ಇಲ್ಲ, ಅಪ್ಪಟ ಕಾಡು. ಅಲ್ಲೂ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕು ಆಕಾಶಕ್ಕೇ. ‘ಮರ ನೆಟ್ಟರೆ ಅಂತರ್ಜಲ ಏರುತ್ತದೆ’ ಎಂದು ಗೋಡೆ ಮೇಲೆ ಬರೆಸುವವರಿಗೆ ಈ ಅಂಕಿ ಹಿಡಿಸುವುದಿಲ್ಲ. ಮರ ಮಣ್ಣನ್ನು ಹಿಡಿಯುತ್ತದೆ, ನೆಲವನ್ನು ಸಡಿಲ ಮಾಡುತ್ತದೆ, ನೆರಳು ಕೊಡುತ್ತದೆ, ಅದಕ್ಕೆಲ್ಲ ನೀರಿನಲ್ಲೇ ಬೆಲೆ ತೆಗೆದುಕೊಳ್ಳುತ್ತದೆ. ಗೊತ್ತಿದ್ದು ಕೊಡೋಣ, ಅಷ್ಟೇ.

ಆವಿಯಾದದ್ದು ನಿಮಗೇ ಮಳೆಯಾಗಿ ಬರಬೇಕಲ್ಲ ಎಂದಿರಿ. ಬರುತ್ತದೆ, ನಿಮಗಲ್ಲ. ಆವಿ ಗಾಳಿಯಲ್ಲಿ ಸರಾಸರಿ ಎಂಟು ಹತ್ತು ದಿನ ಇರುತ್ತದೆ. ಗಂಟೆಗೆ 25 ಕಿ.ಮೀ. ಗಾಳಿಯಲ್ಲಿ ಎಂಟು ದಿನಕ್ಕೆ 4,800 ಕಿ.ಮೀ. ಆಯಿತು. ನಿಮ್ಮ ರಾಗಿ ಹೊಲದ ಜುಲೈ ತಿಂಗಳ ಬೆವರು ಪಡುವಣ ಗಾಳಿಗೆ ಸಿಕ್ಕಿ ಬಂಗಾಳ ಕೊಲ್ಲಿಯ ಆಚೆ ಎಲ್ಲೋ ಬಿದ್ದಿರುತ್ತದೆ. ನಿಮ್ಮ ಅಕ್ಟೋಬರಿನ ಮಳೆಯ ಬಹುಪಾಲು ಅದೇ ಕೊಲ್ಲಿಯಿಂದ ಬಂದದ್ದು. ದೇಶದಷ್ಟು ದೊಡ್ಡ ಜಾಗ ನೋಡಿದರೆ ನೆಲದಿಂದೆದ್ದ ಆವಿ ಮಳೆಗೆ ಕೂಡಿಕೊಳ್ಳುವುದು ನಿಜ, ಒಂದು ತಾಲ್ಲೂಕಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ರಾತ್ರಿ ತಣ್ಣಗಾದ ಎಲೆಯ ಮೇಲೆ ಕೂರುವ ಇಬ್ಬನಿ ಮಾತ್ರ ಅಲ್ಲಲ್ಲೇ ಮರಳುವ ನೀರು. ಒಂದು ರಾತ್ರಿಗೆ ಮಿಲಿಮೀಟರಿನ ಹತ್ತರಲ್ಲಿ ಎರಡೋ ಮೂರೋ ಪಾಲು. ನಿಮ್ಮ ಕಡೆ ‘ಇಬ್ಬನಿಗೇ ಅವರೆ ಬೆಳೆಯುತ್ತೆ’ ಅನ್ನುತ್ತಾರೆ. ಅವರೆ ಬೆಳೆಯುವುದು ಚಿತ್ತೆ ಮಳೆ ಮಣ್ಣಿನಲ್ಲಿ ಇಟ್ಟುಹೋದ ತೇವಕ್ಕೆ. ಇಬ್ಬನಿ ಬೆಳಿಗ್ಗೆ ಒಂದೆರಡು ಗಂಟೆ ಎಲೆಯ ಬೆವರನ್ನು ತಡೆದು ಆ ತೇವ ಇನ್ನಷ್ಟು ದಿನ ಬರುವಂತೆ ಮಾಡುತ್ತದೆ. ಸೊಗಡಿನ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ.

ಈಗ ನೀವು ಕೇಳದೆ ಇದ್ದ, ಆದರೆ ನಾನು ಹೇಳಲೇಬೇಕಾದ ಲೆಕ್ಕ. ಟೊಮೆಟೊ ಒಂದು ಬೆಳೆಗೆ 400ರಿಂದ 600 ಮಿ.ಮೀ. ನೀರು ಬೇಡುತ್ತದೆ. ಬೇಸಿಗೆ ಬೆಳೆಯಾದರೆ ಅಷ್ಟೂ ಬೋರಿನಿಂದಲೇ. 500 ಎಂದು ಹಿಡಿದರೆ ಒಂದು ಎಕರೆಗೆ 500 ಟ್ಯಾಂಕರ್. ನಿಮ್ಮ ಒಂದೊಂದು ಎಕರೆಯೂ ಒಳ್ಳೆ ವರ್ಷದಲ್ಲಿ ನೆಲದಾಳಕ್ಕೆ ಜಮೆ ಮಾಡುವುದು 75. ಒಂದು ಎಕರೆ ಟೊಮೆಟೊಗೆ ಆರೇಳು ಎಕರೆಯ ಜಮೆ ಬೇಕು. ನಿಮ್ಮ ಹತ್ತಿರ ಇರುವುದು ನಾಲ್ಕು. ಮಿಕ್ಕ ಮೂರು ಎಕರೆಯದು ಅಕ್ಕಪಕ್ಕದವರದು, ಅಥವಾ ಹಳೆಯ ಕಾಲದ ಉಳಿತಾಯ. ಅಕ್ಕಪಕ್ಕದವರೂ ಟೊಮೆಟೊ ಇಟ್ಟಿದ್ದಾರೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. 1,150 ಅಡಿಯಿಂದ ಎತ್ತಿದ ಆ ನೀರು ಕೂಡ ಕೊನೆಗೆ ಹೋಗುವುದು ಎಲೆಯ ಮೂಲಕ ಆಕಾಶಕ್ಕೇ. ಹನಿ ನೀರಾವರಿ ಹಾಕಿದರೆ ಸಾಲುಗಳ ನಡುವಿನ ಮಣ್ಣಿನಿಂದ ಆಗುವ ಪೋಲು ತಪ್ಪುತ್ತದೆ, ಗಿಡದ ಬೆವರು ತಪ್ಪುವುದಿಲ್ಲ. ಉಳಿದ ನೀರಿಗೆ ಇನ್ನೊಂದು ಅರ್ಧ ಎಕರೆ ಹೆಚ್ಚಿಸಿದರೆ ಉಳಿದದ್ದೂ ಇಲ್ಲ. ಹನಿ ನೀರಾವರಿ ಬಂದ ಮೇಲೂ ಮಟ್ಟ ಇಳಿಯುತ್ತಿರುವ ಊರುಗಳಲ್ಲಿ ಬಹುತೇಕ ಆದದ್ದು ಇದೇ.

ಆದ್ದರಿಂದ ಬೋರು ಇನ್ನೂ ಇಳಿಸಬೇಡಿ. ಗಟ್ಟಿ ಕಲ್ಲಿನಲ್ಲಿ ಆಳಕ್ಕೆ ಹೋದಷ್ಟೂ ಬಿರುಕು ವಿರಳ, ಇದ್ದರೂ ಸಣ್ಣದು. ಅಲ್ಲಿ ಸಿಗುವ ನೀರು ಹಳೆಯದು. ಹೋದ ವರ್ಷದ ಮಳೆ ಅಲ್ಲಿಗೆ ತಲುಪಬೇಕಾದರೆ ಮೇಲಿನ ಕೊಳೆತ ಕಲ್ಲಿನ ಒಣ ಪದರ ಮೊದಲು ತುಂಬಬೇಕು. ಇನ್ನೂರು ಅಡಿ ಹೆಚ್ಚು ಕೊರೆದರೆ ನೀರು ಸಿಕ್ಕರೂ ಸಿಗಬಹುದು, ಅದು ಲಾಟರಿ. ಆ ದುಡ್ಡಿಗೆ ಬೇರೆ ಕೆಲಸವಿದೆ.

ತಾತನ ಬಾವಿ ಮುಚ್ಚಿಸಬೇಡಿ. ಕೊಳೆತ ಕಲ್ಲಿನ ಪದರಕ್ಕೆ ನೇರ ದಾರಿ ಅದು, ಮಣ್ಣಿನ ಸಾಲ ತೀರಿಸದೆ ನೀರು ಆಳಕ್ಕೆ ಇಳಿಯುವ ಕಳ್ಳದಾರಿ. ಮನೆಯ ಮಾಳಿಗೆ ನೀರು, ಬದುವಿನ ಮೂಲೆಯಲ್ಲಿ ನಿಲ್ಲುವ ನೀರನ್ನು ಒಂದು ಹೂಳು ಗುಂಡಿಯಲ್ಲಿ ತಿಳಿಯಾಗಿಸಿ, ಜಲ್ಲಿ–ಮರಳು ದಾಟಿಸಿ ಬಾವಿಗೆ ಬಿಡಿ. ಕೆಸರು ನೀರನ್ನು, ಔಷಧಿ ಹೊಡೆದ ಹೊಲದ ನೀರನ್ನು ಬಾವಿಗಾಗಲಿ ಬೋರಿಗಾಗಲಿ ನೇರ ಬಿಡಬೇಡಿ. ಒಂದೇ ಮಳೆಗಾಲದಲ್ಲಿ ಸಂದುಗಳು ಜೇಡಿಯಿಂದ ಕಟ್ಟಿಕೊಳ್ಳುತ್ತವೆ, ವಿಷ ಇಳಿದರೆ ತೆಗೆಯುವವರಿಲ್ಲ. ಕೃಷಿ ಹೊಂಡದ ಬಗ್ಗೆ ಕೇಳುವವರಿಗೂ ಇದೇ ಲೆಕ್ಕ. ಟಾರ್ಪಾಲು ಹಾಸಿದರೆ ಅದು ನೀರಿನ ಡಬ್ಬಿ, ಇಂಗುವುದಿಲ್ಲ, ಮೇಲಿನಿಂದ ದಿನಕ್ಕೆ ನಾಲ್ಕೈದು ಮಿ.ಮೀ. ಆವಿಯಾಗುತ್ತದೆ. ಹಾಸದೆ ಬಿಟ್ಟರೆ ಅದು ಸಣ್ಣ ಕೆರೆ. ಯಾವುದು ಬೇಕೆಂದು ಮೊದಲು ತೀರ್ಮಾನಿಸಿ ಆಮೇಲೆ ಜೆಸಿಬಿ ಕರೆಸಿ.

ಊರಿನ ಮಟ್ಟದಲ್ಲಿ ದೊಡ್ಡ ಕೆಲಸ ಮಾಡುವುದು ಕೆರೆ. ತಿಂಗಳುಗಟ್ಟಲೆ ನೀರು ನಿಂತ ಕೆರೆಯ ತಳದಲ್ಲಿ ಮಣ್ಣಿನ ಸಾಲ ಎಂಬುದೇ ಇಲ್ಲ, ದಿನವೂ ಇಳಿಯುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯತೊಡಗಿದ ಮೇಲೆ ಆ ಕೆರೆಗಳ ಸುತ್ತಲಿನ ಬಾವಿ–ಬೋರುಗಳಲ್ಲಿ ನೀರು ಏರಿದ್ದು ಇದೇ ಕಾರಣಕ್ಕೆ. ಆ ನೀರಿನ ಗುಣದ ವಾದ ಬೇರೆ, ಅದರಲ್ಲಿ ನಾನು ಜನರ ಆತಂಕದ ಪರ.

ಕೊನೆಗೊಂದು ಕೆಲಸ ಹೇಳುತ್ತೇನೆ, ಮಗನಿಗೆ ಒಪ್ಪಿಸಿ. ಪಂಚಾಯಿತಿ ಮಾಪಕದ ದಿನವಹಿ ಮಳೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಮಳೆಗಾಲದಲ್ಲಿ ಪ್ರತಿದಿನ ಅದರಿಂದ ನಾಲ್ಕು ಕಳೆಯಲಿ. 100ರ ಸಾಲದಿಂದ ಶುರು ಮಾಡಿ, ಸಾಲ ಪೂರ್ತಿ ತೀರಿ ಮೇಲೆ ಉಳಿದ ದಿನಗಳಿಗೆ ಕೆಂಪು ಗುರುತು ಹಾಕಲಿ. ತಿಂಗಳಿಗೊಮ್ಮೆ ಊರಿನ ಯಾವುದಾದರೂ ಮೋಟರ್ ಇಲ್ಲದ ಹಳೇ ಬೋರಿನಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರಿನ ಮಟ್ಟ ಬರೆದಿಡಲಿ. ಚಿತ್ತೆ ಮಳೆ ಹಿಡಿದ ವಾರ ನೀವು ಅದೇ ಹಾರೆ ಹಿಡಿದು ಹೊಲಕ್ಕೆ ಹೋಗಿ. ಕೈಭಾರಕ್ಕೆ ಮೂರಡಿ ಸರಾಗ ಇಳಿದರೆ ಆ ದಿನದ ತಾರೀಖು, ಕೆಂಪು ಗುರುತುಗಳು, ಹಗ್ಗದ ಅಳತೆ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಕಳಿಸಿ. ಎರಡು ವರ್ಷದ ಹಾಳೆ ಬಂದರೆ ನಿಮ್ಮ ಎಕರೆಯ 75 ನಿಜವಾಗಿ 75ಓ, 40ಓ ಎಂದು ಹೇಳುತ್ತೇನೆ.